ಪುಷ್ಪಕ, ಕೃಷಕ, ಬಸಂತ್: ಒಂದು ವಿಮಾನ ಮನೆತನದ ಕಥೆ

(ಬಾನುಲಿ ಭಾಷಣ)

ವಿಮಾನ ಎಂಬ ಮಾತು ನಮ್ಮ ಭಾಷೆಗೆ ಹೊಸದಲ್ಲ. ದೇವಾಲಯದಲ್ಲಿ ಗರ್ಭಗೃಹದ ಮೇಲೆ ಎದ್ದು ನಿಲ್ಲುವ ಕಟ್ಟಡವನ್ನು ಶಿಲ್ಪಶಾಸ್ತ್ರದವರು ವಿಮಾನವೆಂದರು. ದೇವತೆಗಳನ್ನು ಹೊತ್ತು ಆಕಾಶದಲ್ಲಿ ಸಂಚರಿಸುವ ವಾಹನವನ್ನು ಪುರಾಣಕಾರರೂ ಅದೇ ಮಾತಿನಿಂದ ಕರೆದರು. ಬೆಂಗಳೂರಿನ ದಂಡು ಪ್ರದೇಶದ ಮಗ್ಗುಲಿನಲ್ಲಿರುವ ಹಲಸೂರಿನ ಸೋಮೇಶ್ವರ ದೇವಸ್ಥಾನದಲ್ಲಿ ಮೊದಲನೆಯ ಬಗೆಯ ವಿಮಾನ ನೂರಾರು ವರ್ಷಗಳಿಂದ ನೆಲೆಯಾಗಿ ನಿಂತಿದೆ. ಅಲ್ಲಿಂದ ಆಗ್ನೇಯಕ್ಕೆ ಕೆಲವು ಮೈಲಿ ಹೋದರೆ ವಿಮಾನಪುರ ಸಿಗುತ್ತದೆ. ಅಲ್ಲಿ ಹುಟ್ಟುವವು ಎರಡನೆಯ ಬಗೆಯವು. ಈ ಊರಿಗೆ ಹೆಸರು ಕೊಟ್ಟದ್ದು ಯಾವ ಸ್ಥಳಪುರಾಣವೂ ಅಲ್ಲ, ಒಂದು ಕಾರ್ಖಾನೆ.

ಆ ಕಾರ್ಖಾನೆಯಿಂದ ಹೊರಬಂದ ಯುದ್ಧವಿಮಾನಗಳ ಹೆಸರು ಮಕ್ಕಳಿಗೂ ಗೊತ್ತು. ಮಾರುತ್, ತೇಜಸ್ ಎಂದೊಡನೆ ಎಲ್ಲರ ಕಿವಿ ನೆಟ್ಟಗಾಗುತ್ತದೆ. ನಾನು ಇಂದು ಹೇಳಹೊರಟಿರುವುದು ಅವುಗಳ ಕಥೆಯಲ್ಲ. ಒಂದೇ ಎಂಜಿನ್ನು, ಮೂತಿಯಲ್ಲಿ ತಿರುಗುವ ಒಂದು ಪ್ರೊಪೆಲ್ಲರು, ಇಬ್ಬರೋ ನಾಲ್ವರೋ ಕೂರುವಷ್ಟು ಜಾಗ, ಇಷ್ಟೇ ಬಂಡವಾಳದಿಂದ ದಿನನಿತ್ಯದ ಕೆಲಸಕ್ಕೆ ಒದಗಿದ ಚಿಕ್ಕ ವಿಮಾನಗಳ ಕಥೆ. ಹಾರಲು ಕಲಿಸುವುದು, ಫಿರಂಗಿಯ ಗುಂಡು ಎಲ್ಲಿ ಬಿದ್ದಿತೆಂದು ನೋಡಿ ಹೇಳುವುದು, ಬೆಳೆಗೆ ಔಷಧ ಸಿಂಪಡಿಸುವುದು, ಇವು ಅವುಗಳ ಪಾಲಿಗೆ ಬಂದ ಕೆಲಸಗಳು. ಮನೆಯಲ್ಲಿ ಹಬ್ಬದ ದಿನ ಮಾತ್ರ ಹೊರಗೆ ಬರುವ ಬೆಳ್ಳಿಯ ತಟ್ಟೆಯ ಹಾಗಲ್ಲ, ನಿತ್ಯವೂ ಒಲೆಯ ಮೇಲೆ ಏರಿ ಇಳಿಯುವ ಪಾತ್ರೆಯ ಹಾಗೆ ದುಡಿದ ವಿಮಾನಗಳು ಇವು. ಮನೆ ನಡೆಯುವುದು ಯಾವುದರಿಂದ ಎಂದು ಗೃಹಿಣಿಯನ್ನು ಕೇಳಿದರೆ ಆಕೆ ಬೆಳ್ಳಿಯ ತಟ್ಟೆಯನ್ನು ತೋರಿಸುವುದಿಲ್ಲ.

ಈ ಮನೆತನದ ಚರಿತ್ರೆಯನ್ನು ನೋಡುತ್ತ ಹೋದಂತೆ ಒಂದು ಸಂಗತಿ ಮತ್ತೆ ಮತ್ತೆ ಎದುರಾಗುತ್ತದೆ. ವಿಮಾನವೊಂದರ ಹಣೆಬರಹವನ್ನು ಬರೆಯುವವರು ಮೂವರು: ಅದನ್ನು ಕಲ್ಪಿಸಿದವನು, ಅದಕ್ಕೆ ಎಂಜಿನ್ನು ಕೊಟ್ಟವನು, ಅದನ್ನು ಕೊಂಡವನು. ನಮ್ಮಲ್ಲಿ ಕಲ್ಪಿಸುವವರಿಗೆ ಕೊರತೆಯಾಗಲಿಲ್ಲ. ಉಳಿದ ಇಬ್ಬರ ವಿಷಯವಾಗಿ ಅಷ್ಟು ನಿರಾಯಾಸವಾಗಿ ಹೇಳುವಂತಿಲ್ಲ.

ಮೊದಲು ಕಾರ್ಖಾನೆಯ ಹುಟ್ಟನ್ನು ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ಉದ್ಯಮಿ ವಾಲ್‌ಚಂದ್ ಹೀರಾಚಂದರು ಮೈಸೂರು ಸರಕಾರದ ಸಹಯೋಗದಿಂದ 1940ರ ಡಿಸೆಂಬರಿನಲ್ಲಿ ಹಿಂದುಸ್ತಾನ್ ಏರ್‌ಕ್ರಾಫ್ಟ್ ಎಂಬ ಕಂಪನಿಯನ್ನು ಸ್ಥಾಪಿಸಿದರು. ಮೈಸೂರು ಸರಕಾರ 25 ಲಕ್ಷ ರೂಪಾಯಿ ತೊಡಗಿಸಿದ್ದಲ್ಲದೆ ಬೆಂಗಳೂರಿನ ಪೂರ್ವಕ್ಕೆ ಭೂಮಿಯನ್ನೂ ಕೊಟ್ಟಿತು. ಮರುವರ್ಷ ಭಾರತ ಸರಕಾರವೂ ಪಾಲುದಾರನಾಯಿತು. ಅಮೆರಿಕದ ಹಾರ್ಲೊ ಎಂಬ ತರಬೇತಿ ವಿಮಾನವನ್ನು ಇಲ್ಲಿ ಜೋಡಿಸಿ 1941ರ ಆಗಸ್ಟಿನಲ್ಲಿ ಹಾರಿಸಿದರು. ಅಷ್ಟರಲ್ಲಿ ಮಹಾಯುದ್ಧ ನಮ್ಮ ಬಾಗಿಲಿಗೆ ಬಂದಿತು. 1942ರಲ್ಲಿ ಸರಕಾರ ಕಾರ್ಖಾನೆಯ ಆಡಳಿತವನ್ನು ಕೈಗೆ ತೆಗೆದುಕೊಂಡಿತು. ಯುದ್ಧ ಮುಗಿಯುವತನಕ ಇಲ್ಲಿ ನಡೆದದ್ದು ಮುಖ್ಯವಾಗಿ ಮಿತ್ರರಾಷ್ಟ್ರಗಳ ವಿಮಾನಗಳ ದುರಸ್ತಿ. ಯುದ್ಧ ಮುಗಿದ ಮೇಲೆ ದುರಸ್ತಿಯ ಕೆಲಸ ಇಳಿಯಿತು. ಕೈಗಳು ಸುಮ್ಮನಿರಬಾರದೆಂದು ಅದೇ ಅಂಗಳದಲ್ಲಿ ರೈಲುಡಬ್ಬಿಗಳನ್ನೂ ಬಸ್ಸಿನ ಮೈಯನ್ನೂ ಕಟ್ಟಿದರು. ಇದನ್ನು ಕೇಳಿ ನಗುವವರು ನಕ್ಕಾರು. ಆದರೆ ತೆಳುವಾದ ತಗಡನ್ನು ಬಾಗಿಸಿ, ರಿವೆಟ್ ಹೊಡೆದು, ಅಳತೆ ತಪ್ಪದಂತೆ ಜೋಡಿಸುವ ಕೈಚಳಕ ರೈಲುಡಬ್ಬಿಗೂ ವಿಮಾನಕ್ಕೂ ಬೇಕಾದದ್ದೇ. ನೆಲದ ಮೇಲೆ ಓಡುವುದನ್ನು ಕಟ್ಟಿದ ದಿನಗಳಲ್ಲಿಯೂ ಆ ಕೈಚಳಕ ಮರೆತುಹೋಗಲಿಲ್ಲ.

ಕಲ್ಪಿಸಿದವರ ಸಾಲಿನಲ್ಲಿ ಮೊದಲು ನೆನೆಯಬೇಕಾದವರು ಡಾಕ್ಟರ್ ವಿಷ್ಣು ಮಾಧವ ಘಾಟಗೆಯವರು. ಜರ್ಮನಿಯ ಗಟಿಂಗೆನ್ ವಿಶ್ವವಿದ್ಯಾನಿಲಯದಲ್ಲಿ ವಾಯುಚಲನ ಶಾಸ್ತ್ರದ ಆಚಾರ್ಯ ಲುಡ್ವಿಗ್ ಪ್ರಾಂಟ್ಲ್ ಅವರಲ್ಲಿ ಅಭ್ಯಾಸ ಮಾಡಿ ಬಂದವರು. 1942ರ ಕೊನೆಯಲ್ಲಿ ಭಾರತೀಯ ವಿಜ್ಞಾನ ಮಂದಿರದಲ್ಲಿ ವಿಮಾನ ಶಾಸ್ತ್ರದ ವಿಭಾಗ ತೆರೆದಾಗ ಅದರ ಹೊಣೆಯನ್ನು ಹೊತ್ತವರೂ ಅವರೇ. ಅವರ ಕಲ್ಪನೆಯಿಂದ ಈ ಕಾರ್ಖಾನೆಯಲ್ಲಿ ಮೊದಲು ರೂಪುಗೊಂಡದ್ದು ಹತ್ತು ಮಂದಿ ಕೂರಬಹುದಾದ ಒಂದು ಗ್ಲೈಡರು. ಗ್ಲೈಡರೆಂದರೆ ಎಂಜಿನ್ನಿಲ್ಲದ ವಿಮಾನ. ಗಾಳಿಯನ್ನೇ ನಂಬಿ ತೇಲುವಂಥದು. ಮುಂದಿನ ಕಥೆಯನ್ನೆಲ್ಲ ಬಲ್ಲವರಿಗೆ ಇದು ಏನನ್ನೋ ಸೂಚಿಸುವಂತೆ ತೋರುತ್ತದೆ. ನಮ್ಮ ನೆಲದ ಮೊದಲ ವಿನ್ಯಾಸಕ್ಕೆ ರೆಕ್ಕೆಯಿತ್ತು, ಮೈಯಿತ್ತು, ಬಾಲವಿತ್ತು. ಹೃದಯ ಮಾತ್ರ ಇರಲಿಲ್ಲ.

ಸ್ವಾತಂತ್ರ್ಯ ಬಂದ ಮೇಲೆ ವಾಯುಪಡೆಗೆ ತುರ್ತಾಗಿ ಬೇಕಾದದ್ದು ಕಲಿಕೆಯ ವಿಮಾನ. ಬ್ರಿಟಿಷರ ಟೈಗರ್ ಮಾತ್ ಎಂಬುದು ಎರಡು ಅಂತಸ್ತಿನ ರೆಕ್ಕೆಯ, ಮರ ಮತ್ತು ಬಟ್ಟೆಯ ಹಳೆಯ ಕಾಲದ ವಿಮಾನ. ಅದರ ಸ್ಥಾನಕ್ಕೆ ಘಾಟಗೆಯವರ ತಂಡ ಕೊಟ್ಟದ್ದು ಎಚ್‌ಟಿ-2. ಪೂರ್ತಿ ಲೋಹದ್ದು, ಒಂದೇ ಜೊತೆ ರೆಕ್ಕೆ, ಅದೂ ಮೈಯ ಕೆಳಭಾಗಕ್ಕೆ ಸೇರಿದ್ದು, ಗುರುವೂ ಶಿಷ್ಯನೂ ಒಬ್ಬರ ಹಿಂದೊಬ್ಬರು ಕೂರುವ ಎರಡು ಆಸನ, ಇಬ್ಬರ ಕೈಗೂ ಚುಕ್ಕಾಣಿ. 1951ರ ಆಗಸ್ಟ್ 5ರಂದು ಕ್ಯಾಪ್ಟನ್ ಜಮ್‌ಷೆಡ್ ಮುನ್ಷಿಯವರು ಅದನ್ನು ಮೊದಲ ಬಾರಿಗೆ ಆಕಾಶಕ್ಕೆ ಏರಿಸಿದರು. ಮೊದಲ ಮಾದರಿಗೆ ಜಿಪ್ಸಿ ಮೇಜರ್ ಎಂಬ ಬ್ರಿಟಿಷ್ ಎಂಜಿನ್ನು; ಮುಂದಿನವುಗಳಿಗೆ 155 ಅಶ್ವಶಕ್ತಿಯ ಸಿರಸ್ ಮೇಜರ್, ಅದೂ ಬ್ರಿಟನ್ನಿನದೇ. ಒಟ್ಟು ಸುಮಾರು 170 ಎಚ್‌ಟಿ-2ಗಳು ತಯಾರಾದವು. ಆಗತಾನೆ ಸ್ವತಂತ್ರವಾಗಿದ್ದ ಘಾನಾ ದೇಶದ ವಾಯುಪಡೆಗೂ ಹನ್ನೆರಡು ಹೋದವು. ನಮ್ಮ ಬೀದರಿನ ಹಾರಾಟ ಶಾಲೆಯಲ್ಲಿ ಎಷ್ಟೋ ಮಂದಿ ತರುಣರು ಮೊದಲು ನೆಲವನ್ನು ಬಿಟ್ಟು ಮೇಲೇರಿದ್ದು ಇದರಲ್ಲಿಯೇ. 1980ರ ದಶಕದ ಕೊನೆಯವರೆಗೂ ಅದು ಸೇವೆಯಲ್ಲಿತ್ತೆಂದರೆ ಅದರ ಗಟ್ಟಿತನಕ್ಕೆ ಬೇರೆ ಸಾಕ್ಷಿ ಬೇಡ.

ಇಲ್ಲಿ ಒಂದು ಪ್ರಶ್ನೆ ಏಳಬಹುದು. ಚಿಕ್ಕ ವಿಮಾನವನ್ನು ಕಟ್ಟುವುದು ಚಿಕ್ಕ ಕೆಲಸವಲ್ಲವೆ? ಅಲ್ಲ. ಕನ್ನಡ ಮೇಷ್ಟರಾದ ನನಗೆ ತಿಳಿದ ಹೋಲಿಕೆಯಿಂದಲೇ ಇದನ್ನು ಹೇಳಬೇಕು. ಕಂದಪದ್ಯ ನಾಲ್ಕೇ ಸಾಲಿನದು. ಒಟ್ಟು 64 ಮಾತ್ರೆ. ಷಟ್ಪದಿಯಲ್ಲಿ ಅಡಗಿಸಬಹುದಾದ ಒಂದು ಹೆಚ್ಚಿನ ಮಾತು ಕಂದದಲ್ಲಿ ಅಡಗುವುದಿಲ್ಲ. ಒಂದು ಗಣದಲ್ಲಿ ಒಂದು ಮಾತ್ರೆ ಹೆಚ್ಚಾದರೆ ಪದ್ಯವೆಲ್ಲ ಮುಗ್ಗರಿಸುತ್ತದೆ. ಚಿಕ್ಕ ವಿಮಾನದ ಛಂದಸ್ಸೂ ಹೀಗೆಯೇ. ಆಸನಕ್ಕೆ ಐದು ಕಿಲೋ ಹೆಚ್ಚು ಲೋಹ ಹಾಕಿದಿರಿ ಎನ್ನೋಣ. ಆ ಭಾರವನ್ನು ಎತ್ತಲು ರೆಕ್ಕೆ ಸ್ವಲ್ಪ ದೊಡ್ಡದಾಗಬೇಕು. ದೊಡ್ಡ ರೆಕ್ಕೆಯೇ ಭಾರ. ಅದು ಗಾಳಿಯನ್ನು ತಡೆಯುವುದೂ ಹೆಚ್ಚು. ಅದನ್ನು ಎಳೆಯಲು ಎಂಜಿನ್ನಿಗೆ ಹೆಚ್ಚು ಶಕ್ತಿ ಬೇಕು. ಶಕ್ತಿ ಹೆಚ್ಚಿದರೆ ಪೆಟ್ರೋಲು ಹೆಚ್ಚು ಬೇಕು, ಪೆಟ್ರೋಲೂ ಭಾರವೇ. ಹೀಗೆ ಐದು ಕಿಲೋ ಸುತ್ತಿ ಸುತ್ತಿ ಹತ್ತು ಕಿಲೋ ಆಗಿ ಮರಳುತ್ತದೆ. ದೊಡ್ಡ ವಿಮಾನ ಇಂಥ ತಪ್ಪನ್ನು ಅರಗಿಸಿಕೊಂಡೀತು; 100 ಅಶ್ವಶಕ್ತಿಯ ಆಸುಪಾಸಿನ ವಿಮಾನ ಅರಗಿಸಿಕೊಳ್ಳಲಾರದು.

ಎಚ್‌ಟಿ-2 ಸೈನ್ಯದ ಮಗು. ಜನಸಾಮಾನ್ಯರ ಕಡೆಯಿಂದ ಬಂದದ್ದು ಪುಷ್ಪಕ. ಕುಬೇರನಿಂದ ರಾವಣನು ಕಿತ್ತುಕೊಂಡ, ರಾವಣನ ವಧೆಯ ಮೇಲೆ ಶ್ರೀರಾಮನು ಅಯೋಧ್ಯೆಗೆ ಏರಿ ಬಂದ, ಎಷ್ಟು ಜನ ಹತ್ತಿದರೂ ಇನ್ನೊಬ್ಬರಿಗೆ ಜಾಗವಿರುವ ಪುಷ್ಪಕ ವಿಮಾನದ ಹೆಸರನ್ನು ಇದಕ್ಕೆ ಇಟ್ಟರು. ನಮ್ಮ ಈ ಪುಷ್ಪಕದಲ್ಲಿ ಇಬ್ಬರು ಪಕ್ಕಪಕ್ಕದಲ್ಲಿ ಭುಜ ತಾಗಿಸಿಕೊಂಡು ಕೂರಬಹುದು, ಅಷ್ಟೆ. ಇಬ್ಬರನ್ನೂ ಪೆಟ್ರೋಲನ್ನೂ ಸೇರಿಸಿ ನೆಲ ಬಿಡುವಾಗಿನ ಪೂರ್ಣ ತೂಕ ಸುಮಾರು 600 ಕಿಲೋ. 1958ರ ಸೆಪ್ಟೆಂಬರ್ 28ರಂದು ಅದು ಮೊದಲು ಹಾರಿತು. ರೆಕ್ಕೆ ತಲೆಯ ಮೇಲೆ, ಛಾವಣಿಯ ಹಾಗೆ. ಅದನ್ನು ಎರಡು ಕಡೆಯೂ ಓರೆಯಾದ ಊರುಗಂಬಗಳು ಹಿಡಿದಿದ್ದವು. ಲೋಹದ ಹಂದರದ ಮೇಲೆ ಬಟ್ಟೆ ಹೊದಿಸಿ, ಅದು ಬಿಗಿಯಾಗುವಂತೆ ಮೇಲೆ ಡೋಪ್ ಎಂಬ ಬಣ್ಣದಂಥ ದ್ರಾವಣ ಬಳಿದಿದ್ದರು. ಎಂಜಿನ್ನು ಅಮೆರಿಕದ ಕಾಂಟಿನೆಂಟಲ್ ಕಂಪನಿಯದು, 90 ಅಶ್ವಶಕ್ತಿಯದು. ದೇಶದ ಫ್ಲೈಯಿಂಗ್ ಕ್ಲಬ್ಬುಗಳಿಗೆಂದೇ ಕಟ್ಟಿದ ಇವು ಸುಮಾರು 150 ತಯಾರಾದವು. ಮುಂದೆ ದೊಡ್ಡ ದೊಡ್ಡ ಪ್ರಯಾಣಿಕ ವಿಮಾನಗಳನ್ನು ನಡೆಸಿದ ಎಷ್ಟೋ ಮಂದಿಗೆ ಅಕ್ಷರಾಭ್ಯಾಸವಾದದ್ದು ಈ ಬಟ್ಟೆಯ ರೆಕ್ಕೆಯ ಕೆಳಗೆ.

ಪುಷ್ಪಕದ ರೂಪ ಪೂರ್ತಿ ನಮ್ಮದೆಂದು ಹೇಳುವಂತಿಲ್ಲ. ಅಮೆರಿಕದ ಏರಾಂಕಾ ಚೀಫ್ ಎಂಬ ವಿಮಾನವೇ ಅದಕ್ಕೆ ಮೂಲ. ಇದರಿಂದ ತಲೆತಗ್ಗಿಸಬೇಕಾದದ್ದೇನೂ ಇಲ್ಲ. ವ್ಯಾಸರ ಕಥೆಯನ್ನು ತೆಗೆದುಕೊಂಡ ಪಂಪನನ್ನು ನಾವು ಆದಿಕವಿಯೆಂದು ಕರೆಯುತ್ತೇವೆ. ಮೂಲ ಎಲ್ಲಿಯದು ಎಂಬುದಕ್ಕಿಂತ, ಪಡೆದದ್ದರಿಂದ ಮುಂದೆ ಏನನ್ನು ಬೆಳೆಸಿದೆವು ಎಂಬುದು ದೊಡ್ಡ ಪ್ರಶ್ನೆ. ಬೆಳೆಸುವ ಪ್ರಯತ್ನ ತಡವಿಲ್ಲದೆ ನಡೆಯಿತು. ಪುಷ್ಪಕವನ್ನೇ ಹಿಗ್ಗಿಸಿ, ನಾಲ್ವರಿಗೆ ಜಾಗ ಮಾಡಿ, ಎಂಜಿನ್ನಿನ ಶಕ್ತಿಯನ್ನು ಹೆಚ್ಚಿಸಿ, 1959ರ ನವೆಂಬರಿನಲ್ಲಿ ಇನ್ನೊಂದು ವಿಮಾನವನ್ನು ಹಾರಿಸಿದರು. ಅದರ ಹೆಸರು ಕೃಷಕ. ಒಂದು ವಿಮಾನ ಒಂದು ವಂಶವಾಗುವುದೆಂದರೆ ಇದೇ. ಮೂಲದ ಅಸ್ಥಿಪಂಜರ ಉಳಿಯುತ್ತದೆ. ಅಚ್ಚುಗಳು, ಅಳತೆಗೋಲುಗಳು, ಕೆಲಸಗಾರರ ಅನುಭವ ಉಳಿಯುತ್ತವೆ. ಮೊದಲನೆಯದಕ್ಕೆ ಆದ ಖರ್ಚು ಎರಡನೆಯದಕ್ಕೆ ಆಗುವುದಿಲ್ಲ. ಹೊರನಾಡುಗಳಲ್ಲಿ ಚಿಕ್ಕ ವಿಮಾನಗಳು ಹೆಚ್ಚಿದ್ದು ಈ ದಾರಿಯಲ್ಲಿಯೇ. ಅಮೆರಿಕದ ಸೆಸ್ನಾ ಕಂಪನಿಯ 172 ಎಂಬ ನಾಲ್ಕು ಆಸನದ ವಿಮಾನ ಅದೇ ಮನೆಯ ಒಂದು ಹಿಂದಿನ ವಿಮಾನವನ್ನು ತಿದ್ದಿ ಮಾಡಿದ್ದು. 1956ರಲ್ಲಿ ಮಾರಾಟಕ್ಕೆ ಬಂದು ಇಂದಿನವರೆಗೆ 44,000ಕ್ಕೂ ಮಿಕ್ಕಿ ತಯಾರಾಗಿದೆ.

ಕೃಷಕನಿಗೆ ಆ ಯೋಗ ಬರಲಿಲ್ಲ. ಎರಡು ಮಾದರಿಗಳು ಹಾರಿದವು, ಕೊಳ್ಳುವವರು ಬರಲಿಲ್ಲ, ಯೋಜನೆ ಕಪಾಟು ಸೇರಿತು. ಅಮೆರಿಕದಲ್ಲಿ ಸಾವಿರಾರು ಎಕರೆಯ ಜಮೀನುದಾರ ತನಗೊಂದು ವಿಮಾನವನ್ನು ಕೊಂಡಾನು. ಊರೂರಿನಲ್ಲಿ ಇಳಿಯುವ ಪಟ್ಟಿ ಇದ್ದೀತು. ನಮ್ಮಲ್ಲಿ 1959ರಲ್ಲಿ ನಾಲ್ಕು ಆಸನದ ವಿಮಾನವನ್ನು ಸ್ವಂತಕ್ಕೆ ಕೊಳ್ಳುವ ಮನೆಗಳೆಷ್ಟು? ಕೆಲವು ವರ್ಷಗಳ ಮೇಲೆ ಭೂಸೇನೆಗೆ ಹಳೆಯ ಬ್ರಿಟಿಷ್ ಆಸ್ಟರ್ ವಿಮಾನಗಳ ಬದಲಿಗೆ ಬೇರೊಂದು ಬೇಕಾಯಿತು. ಫಿರಂಗಿದಳಕ್ಕೆ ಮೇಲಿನಿಂದ ನೋಡಿ, ಗುಂಡು ಗುರಿಗೆ ಎಷ್ಟು ಈಚೆ ಬಿದ್ದಿತು, ಎಷ್ಟು ಆಚೆ ಬಿದ್ದಿತು ಎಂದು ರೇಡಿಯೋದಲ್ಲಿ ಹೇಳುವ ಕೆಲಸ. ತಲೆಯ ಮೇಲೆ ರೆಕ್ಕೆಯಿರುವುದರಿಂದ ಕೆಳಗಿನ ನೆಲ ಅಡ್ಡಿಯಿಲ್ಲದೆ ಕಾಣುತ್ತದೆ, ನಿಧಾನವಾಗಿ ಹಾರಬಲ್ಲದು, ಒರಟು ನೆಲದಲ್ಲಿಯೂ ಇಳಿಯಬಲ್ಲದು. ಕೃಷಕ ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿತ್ತು. 225 ಅಶ್ವಶಕ್ತಿಯ ಕಾಂಟಿನೆಂಟಲ್ ಎಂಜಿನ್ನಿನೊಡನೆ, ಮೂರು ಆಸನದ ರೂಪದಲ್ಲಿ 1965ರಲ್ಲಿ ಅದು ಸೇನೆಯನ್ನು ಸೇರಿತು. ಸುಮಾರು 70 ತಯಾರಾದವು. ಉಳುವವನ ಹೆಸರನ್ನು ಹೊತ್ತು ಹುಟ್ಟಿದ ವಿಮಾನ ಫಿರಂಗಿಯ ಕಣ್ಣಾಯಿತು. ನೇಗಿಲಿನ ಹೆಸರು ಹಣೆಯಲ್ಲಿತ್ತು, ಕೊಂಡವನ ಕೈಯಲ್ಲಿ ಬೇರೆ ಕೆಲಸವಿತ್ತು. 1970ರ ದಶಕದ ನಡುವಿನಲ್ಲಿ ಚೀತಾ ಹೆಲಿಕಾಪ್ಟರುಗಳು ಬಂದು ಅದರ ಕೆಲಸವನ್ನು ವಹಿಸಿಕೊಂಡವು.

ಹಾಗಾದರೆ ರೈತನಿಗೆ ಏನೂ ಸಿಗಲಿಲ್ಲವೆ? ಸಿಕ್ಕಿತು, ಬಸಂತ್ ಎಂಬ ಹೆಸರಿನಲ್ಲಿ. ಹಸಿರು ಕ್ರಾಂತಿಯ ವರ್ಷಗಳವು. ಹೊಸ ತಳಿಗಳು ಬಂದಂತೆ ಕೀಟನಾಶಕ, ಗೊಬ್ಬರಗಳ ಬಳಕೆಯೂ ಹೆಚ್ಚಿತು. ಅವನ್ನು ಆಕಾಶದಿಂದ ಸಿಂಪಡಿಸುವ ವಿಮಾನ ಬೇಕೆನಿಸಿತು. ಇದರ ಮೊದಲ ಮಾದರಿ 1969ರಲ್ಲಿ ಹಾರಿತು. ಅದರಲ್ಲಿ ಚಾಲಕನ ಕೋಣೆ ಬಹಳ ಮುಂದಕ್ಕೆ, ರೆಕ್ಕೆಯ ಮುಂಗಡೆಗೆ ಸಮೀಪವಾಗಿತ್ತು. ಆ ರೂಪ ಹಿಡಿಸಲಿಲ್ಲವೆಂದು ಪೂರ್ತಿ ಬದಲಾಯಿಸಿ ಹೊಸದನ್ನೇ ಕಲ್ಪಿಸಿದರು. ಅದು ಹಾರಿದ್ದು 1972ರ ಮಾರ್ಚ್ 30ರಂದು.

ಸಿಂಪಡಿಕೆಯ ವಿಮಾನದಲ್ಲಿ ಚಾಲಕನ ಸ್ಥಾನ ಏಕೆ ಅಷ್ಟು ಮುಖ್ಯ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಇಂಥ ವಿಮಾನ ಬೆಳೆಯ ತಲೆಯ ಮೇಲೆ ಕೆಲವೇ ಮೀಟರು ಎತ್ತರದಲ್ಲಿ ಓಡಿ, ಹೊಲದ ಅಂಚಿಗೆ ಬಂದೊಡನೆ ಮೇಲೆದ್ದು ತಿರುಗಿ, ಮತ್ತೆ ಇಳಿಯುತ್ತದೆ. ಎತ್ತು ಸಾಲು ಮುಗಿಸಿ ತಿರುಗಿದ ಹಾಗೆ. ಒಂದು ಬೆಳಗಿನಲ್ಲಿ ಹೀಗೆ ಎಷ್ಟು ಸಲವೋ. ಮರದ ತುದಿಯಿದೆ, ವಿದ್ಯುತ್ತಿನ ತಂತಿಯಿದೆ. ತಪ್ಪಿದರೆ ತಿದ್ದಿಕೊಳ್ಳಲು ಎತ್ತರವಿಲ್ಲ. ಔಷಧದ ತೊಟ್ಟಿಯನ್ನು ಚಾಲಕನ ಬೆನ್ನಿನ ಹಿಂದೆ ಇಟ್ಟರೆ, ನೆಲಕ್ಕೆ ಬಡಿದ ಕ್ಷಣದಲ್ಲಿ ನೂರಾರು ಕಿಲೋ ಭಾರ ಮುಂದಕ್ಕೆ ನುಗ್ಗಿ ಅವನನ್ನು ಎಂಜಿನ್ನಿಗೆ ಒತ್ತಿಬಿಡುತ್ತದೆ. ಆದ್ದರಿಂದ ಎಂಜಿನ್ನು ಮುಂದೆ, ಅದರ ಹಿಂದೆ ತೊಟ್ಟಿ, ತೊಟ್ಟಿಯ ಹಿಂದೆ ಎತ್ತರದಲ್ಲಿ ಚಾಲಕ. ಪೆಟ್ಟು ಬಿದ್ದರೆ ಮೊದಲು ಲೋಹ ಮುರಿಯಲಿ, ಆಮೇಲೆ ತೊಟ್ಟಿ ಒಡೆಯಲಿ, ಮನುಷ್ಯನ ಸರದಿ ಕೊನೆಯದಾಗಲಿ ಎಂಬುದು ಇದರ ತತ್ತ್ವ. ತೊಟ್ಟಿಯನ್ನು ವಿಮಾನದ ತೂಕದ ನಡುಬಿಂದುವಿನ ಬಳಿ ಇಡುವುದರಿಂದ, ಔಷಧ ಖಾಲಿಯಾಗುತ್ತ ಬಂದಂತೆ ಮೂತಿ ಏಳುವುದೂ ಬಾಲ ಕುಸಿಯುವುದೂ ತಪ್ಪುತ್ತದೆ. ಜಗತ್ತಿನ ಕೃಷಿ ವಿಮಾನಗಳು ಹೆಚ್ಚಾಗಿ ಈ ಕ್ರಮಕ್ಕೆ ಬಂದು ನಿಂತಿವೆ. ಎರಡನೆಯ ರೂಪದ ಬಸಂತ್ ಕೂಡ ಇದನ್ನೇ ಅನುಸರಿಸಿತು.

ಇಷ್ಟು ಭಾರವನ್ನು ಹೊತ್ತು ಚಿಕ್ಕ ಪಟ್ಟಿಯಿಂದ ಮೇಲೇಳಬೇಕಾದರೆ ಶಕ್ತಿ ಬೇಕು. ಅದಕ್ಕಾಗಿ 400 ಅಶ್ವಶಕ್ತಿಯ ಎಂಜಿನ್ನು, ಅಮೆರಿಕದ ಲೈಕಮಿಂಗ್ ಕಂಪನಿಯದು. 1974ರ ಜೂನ್ 21ರಂದು ಮೊದಲ ಎಂಟು ಬಸಂತ್‌ಗಳನ್ನು ಕೇಂದ್ರದ ಕೃಷಿ ಸಚಿವಾಲಯದ ವೈಮಾನಿಕ ವಿಭಾಗಕ್ಕೆ ಒಪ್ಪಿಸಿದರು. 1980ರಲ್ಲಿ ತಯಾರಿಕೆ ನಿಂತಿತು. ಆವರೆಗೆ ಹೊರಬಂದವು 39.

ವಿನ್ಯಾಸ ಸರಿಯಿದ್ದರೂ ಸಂಖ್ಯೆ ಏಕೆ ಏರಲಿಲ್ಲ? ಕೋಲಾರದ ಕಡೆಗೆ ಹೋಗುವಾಗ ಕೃಷ್ಣರಾಜಪುರ ದಾಟಿದ ಮೇಲೆ ಆ ಕಾಲದ ಹೊಲಗಳು ಹೇಗಿದ್ದುವೆಂದು ನೆನಪು ಮಾಡಿಕೊಂಡರೆ ಉತ್ತರದ ಒಂದು ಪಾಲು ಹೊಳೆಯುತ್ತದೆ. ಒಬ್ಬನದು ಒಂದೆಕರೆ ರಾಗಿ, ಬದುವಿನಾಚೆ ಇನ್ನೊಬ್ಬನ ತರಕಾರಿ, ಅದರಾಚೆ ಹಿಪ್ಪುನೇರಳೆ. ವಿಮಾನ ಗಂಟೆಗೆ ನೂರೈವತ್ತು ಕಿಲೋಮೀಟರಿನಷ್ಟು ವೇಗದಲ್ಲಿ ಬಂದರೆ ಒಂದೆಕರೆಯ ಹೊಲವನ್ನು ಎರಡು ಸೆಕೆಂಡಿನೊಳಗೆ ದಾಟುತ್ತದೆ. ಅದು ರಾಗಿಗೆಂದು ಸುರಿದದ್ದು ಹಿಪ್ಪುನೇರಳೆ ಸೊಪ್ಪಿನ ಮೇಲೆ ಬಿದ್ದರೆ, ಅದನ್ನು ತಿಂದ ರೇಷ್ಮೆಹುಳು ಸಾಯುತ್ತದೆ. ರೈತನು ಬೆನ್ನಿಗೆ ಕಟ್ಟಿಕೊಂಡು ನಡೆಯುವ ಸಿಂಪಡಿಕೆಯ ಡಬ್ಬಿಯೇ ಈ ನೆಲಕ್ಕೆ ಒಗ್ಗುವ ಯಂತ್ರ. ವಿಸ್ತಾರವಾದ ಒಂದೇ ಬೆಳೆಯ ಪ್ರದೇಶಗಳಲ್ಲಿ, ಸರಕಾರವೇ ಮುಂದೆ ನಿಂತಾಗ ಮಾತ್ರ ವಿಮಾನಕ್ಕೆ ಕೆಲಸ. ಗಿರಾಕಿ ಒಬ್ಬನೇ ಆದಾಗ, ಆ ಒಬ್ಬನ ಬೇಡಿಕೆ ತೀರಿದ ದಿನವೇ ಅಂಗಡಿಯ ಬಾಗಿಲು ಮುಚ್ಚುತ್ತದೆ.

ಈಗ ಮೂವರಲ್ಲಿ ನಡುವಿನವನ ಕಡೆಗೆ, ಎಂಜಿನ್ನು ಕೊಟ್ಟವನ ಕಡೆಗೆ, ತಿರುಗೋಣ. ಜಿಪ್ಸಿ, ಸಿರಸ್, ಕಾಂಟಿನೆಂಟಲ್, ಲೈಕಮಿಂಗ್ ಎಂಬ ಹೆಸರುಗಳನ್ನು ನೀವು ಗಮನಿಸಿರಬೇಕು. ಪುಷ್ಪಕ, ಕೃಷಕ, ಬಸಂತ್ ಎಂಬ ಹೆಸರುಗಳ ಒಳಗೆ ಮಿಡಿಯುತ್ತಿದ್ದವು ಇವು. ನಮ್ಮವರು ಪ್ರಯತ್ನಿಸಲಿಲ್ಲವೆಂದಲ್ಲ. ಪುಷ್ಪಕಕ್ಕೆಂದೇ 90 ಅಶ್ವಶಕ್ತಿಯ ಒಂದು ಎಂಜಿನ್ನನ್ನು ಇದೇ ಬೆಂಗಳೂರಿನಲ್ಲಿ ರೂಪಿಸಿದ್ದರು. ಆದರೆ ಪುಷ್ಪಕಗಳು ದಿನಬಳಕೆಯಲ್ಲಿ ಹಾರಿದ್ದು ಕಾಂಟಿನೆಂಟಲ್ಲಿನಿಂದಲೇ. ಎಂಜಿನ್ನು ಏಕೆ ಇಷ್ಟು ಕಷ್ಟ? ವಿಮಾನದ ಮೈ ಬಹುಮಟ್ಟಿಗೆ ಆಕಾರದ ವಿದ್ಯೆ. ಎಂಜಿನ್ನು ಮೂಲತಃ ಲೋಹದ ಬಾಳಿಕೆಯ ವಿದ್ಯೆ. ಸಿಲಿಂಡರಿನೊಳಗೆ ನಿಮಿಷಕ್ಕೆ ಸಾವಿರ ಬಾರಿಗೂ ಮಿಕ್ಕಿ ಸ್ಫೋಟ. ಕವಾಟದ ತುದಿ ಕೆಂಪಗೆ ಕಾಯುತ್ತದೆ. ಬೇರಿಂಗಿನ ಮೇಲಿನ ಎಣ್ಣೆಯ ಪೊರೆ ಕೂದಲೆಳೆಗಿಂತ ತೆಳುವು. ಇದು ಹತ್ತು ಗಂಟೆ ನಡೆದರೆ ಸಾಲದು. ಒಂದೆರಡು ಸಾವಿರ ಗಂಟೆ ನಿಲ್ಲದೆ ನಡೆಯಬೇಕು. ಕಾರು ರಸ್ತೆಯಲ್ಲಿ ನಿಂತರೆ ಇಳಿದು ತಳ್ಳಬಹುದು. ಆಕಾಶದಲ್ಲಿ ಆ ಸೌಕರ್ಯವಿಲ್ಲ.

ಅಂಥ ನಂಬಿಕೆಯನ್ನು ಗಳಿಸಬೇಕಾದರೆ ನೂರಾರು ಎಂಜಿನ್ನುಗಳನ್ನು ವರ್ಷಗಟ್ಟಲೆ ಓಡಿಸಿ, ಮುರಿದದ್ದನ್ನು ಬಿಚ್ಚಿ ನೋಡಿ, ತಿದ್ದಿ, ಮತ್ತೆ ಓಡಿಸಬೇಕು. ಆ ಖರ್ಚನ್ನು ಹತ್ತಾರು ಸಾವಿರ ಎಂಜಿನ್ನುಗಳ ಮೇಲೆ ಹಂಚಿದರೆ ಒಂದೊಂದರ ಬೆಲೆ ಕೈಗೆಟುಕುತ್ತದೆ. 150 ಪುಷ್ಪಕಗಳ ಮೇಲೆ ಹಂಚಿದರೆ ಎಂಜಿನ್ನಿಗಿಂತ ವಿಮಾನವೇ ಅಗ್ಗವಾದೀತು. ಕೊಳ್ಳುವವನು ಕಡಿಮೆಯಾದ್ದರಿಂದ ಎಂಜಿನ್ನು ಬೆಳೆಯಲಿಲ್ಲ. ಎಂಜಿನ್ನು ಹೊರಗಿನಿಂದ ಬರುವುದರಿಂದ ವಿಮಾನ ಅಗ್ಗವಾಗಲಿಲ್ಲ. ಅಗ್ಗವಾಗದ್ದರಿಂದ ಕೊಳ್ಳುವವನು ಹೆಚ್ಚಲಿಲ್ಲ. ಇದು ಎಚ್‌ಎಎಲ್ ಒಂದರ ಕೈಯಿಂದ ಬಿಚ್ಚುವ ಗಂಟಾಗಿರಲಿಲ್ಲ.

ಈ ಗಂಟಿನ ಬೆಲೆ ಬರೀ ಹಣವಲ್ಲ ಎಂಬುದನ್ನು ದೀಪಕ್ ವಿಮಾನದ ಕಥೆ ಹೇಳುತ್ತದೆ. ಎಚ್‌ಟಿ-2ಕ್ಕೆ ಮುಪ್ಪು ಬಂದಾಗ ಅದರ ಉತ್ತರಾಧಿಕಾರಿಯಾಗಿ ಎಚ್‌ಪಿಟಿ-32 ಎಂಬುದನ್ನು ರೂಪಿಸಿದರು. ದೀಪಕ್ ಎಂಬುದು ಅದರ ಹೆಸರು. 1977ರ ಜನವರಿ 6ರಂದು ಅದು ಮೊದಲು ಹಾರಿತು. ಗುರುಶಿಷ್ಯರು ಪಕ್ಕಪಕ್ಕದಲ್ಲಿ ಕೂರುವ ವ್ಯವಸ್ಥೆ. 260 ಅಶ್ವಶಕ್ತಿಯ ಲೈಕಮಿಂಗ್ ಎಂಜಿನ್ನು. 1980ರ ದಶಕದಲ್ಲಿ ಸೇವೆಗೆ ಬಂದು, ಸುಮಾರು ಕಾಲು ಶತಮಾನ ವಾಯುಪಡೆಯ ಕಿರಿಯರೆಲ್ಲರಿಗೂ ಮೊದಲ ಪಾಠ ಹೇಳಿತು. ಆದರೆ ಹಾರುತ್ತಿರುವಾಗಲೇ ಎಂಜಿನ್ನು ನಿಂತುಹೋಗುವ ಬೇನೆ ಅದನ್ನು ಕಾಡಿತು. ಎಂಜಿನ್ನಿಗೆ ಇಂಧನ ತಡೆಯಿಲ್ಲದೆ ಹರಿದುಬರುವ ವ್ಯವಸ್ಥೆಯನ್ನು ಎಷ್ಟು ತಿದ್ದಿದರೂ ಬೇನೆ ಪೂರ್ತಿ ವಾಸಿಯಾಗಲಿಲ್ಲ. ಎಂಜಿನ್ನು ನಿಂತ ಮೇಲೆ ತೇಲಿಕೊಂಡು ಬಹುದೂರ ಹೋಗುವ ಗುಣವೂ ಆ ವಿಮಾನಕ್ಕೆ ಇರಲಿಲ್ಲ. 2009ರ ಜುಲೈ 31ರಂದು ಆಗಿನ ಆಂಧ್ರದ ಮೆದಕ್ ಜಿಲ್ಲೆಯಲ್ಲಿ ಒಂದು ದೀಪಕ್ ಬಿದ್ದು ಇಬ್ಬರು ಶಿಕ್ಷಕ ಪೈಲಟ್ಟರು ತೀರಿಕೊಂಡರು. ಆಮೇಲೆ ಅವನ್ನೆಲ್ಲ ನೆಲಕ್ಕಿಳಿಸಿದರು. ಅಷ್ಟರಲ್ಲಿ 17 ಅಪಘಾತಗಳಲ್ಲಿ 19 ಮಂದಿ ಪೈಲಟ್ಟರ ಜೀವ ಹೋಗಿತ್ತು.

ಯುದ್ಧವಿಮಾನ ಬಿದ್ದರೆ ಅದರ ಅಪಾಯವನ್ನು ಅರಿತೇ ಏರಿದವನು ಅದರಲ್ಲಿರುತ್ತಾನೆ. ಜಿಗಿದು ಪಾರಾಗಲು ಚಿಮ್ಮುವ ಆಸನವೂ ಇರುತ್ತದೆ. ಕಲಿಕೆಯ ವಿಮಾನದಲ್ಲಿ ಕೂರುವವನು ಇಪ್ಪತ್ತರ ಆಸುಪಾಸಿನ ಹುಡುಗ. ಅವನಿಗೆ ಇನ್ನೂ ಆಕಾಶದ ವರ್ಣಮಾಲೆಯೇ ಗೊತ್ತಿಲ್ಲ. ದೀಪಕ್‌ನಲ್ಲಿ ಚಿಮ್ಮುವ ಆಸನವೂ ಇರಲಿಲ್ಲ. ಆದ್ದರಿಂದ ಚಿಕ್ಕ ವಿಮಾನವನ್ನು ಎರಡನೆಯ ದರ್ಜೆಯ ಕೆಲಸವೆಂದು ಎಣಿಸಿ, ಅದಕ್ಕೆ ಉಳಿದ ಹಣ, ಉಳಿದ ಗಮನ ಕೊಡುವ ರೂಢಿ ಯಾವ ದೇಶಕ್ಕೂ ಒಳ್ಳೆಯದಲ್ಲ. ಎಚ್‌ಎಎಲ್‌ನವರು ಇದನ್ನು ಕಾಣದೆ ಇರಲಿಲ್ಲ. 1984ರಲ್ಲಿಯೇ ಇದೇ ದೀಪಕ್‌ನ ಮೈಗೆ ಅಮೆರಿಕದ ಆಲಿಸನ್ ಟರ್ಬೈನ್ ಎಂಜಿನ್ನನ್ನು ಕೂರಿಸಿ ಎಚ್‌ಟಿಟಿ-34 ಎಂಬ ಹೆಸರಿನಲ್ಲಿ ಹಾರಿಸಿ ತೋರಿಸಿದ್ದರು. ಕೊಳ್ಳುವವನು ಒಲಿಯಲಿಲ್ಲ. ದೀಪಕ್ ನೆಲಕ್ಕಿಳಿದ ಮೇಲೆ ವಾಯುಪಡೆ 2012ರಲ್ಲಿ ಸ್ವಿಟ್ಜರ್ಲೆಂಡಿನ ಪಿಲಾಟಸ್ ಕಂಪನಿಗೆ 75 ವಿಮಾನಗಳ ಆದೇಶ ಕೊಟ್ಟಿತು.

ಕಥೆ ಅಲ್ಲಿಗೆ ಮುಗಿಯಲಿಲ್ಲವೆಂಬುದು ಸಮಾಧಾನದ ಸಂಗತಿ. ಕೊಳ್ಳುವವನ ಮನಸ್ಸು ಬೇರೆ ಕಡೆಗಿದ್ದ ಕಾಲದಲ್ಲಿಯೇ ಎಚ್‌ಎಎಲ್ ತನ್ನ ಸ್ವಂತ ಹಣದಿಂದ ಎಚ್‌ಟಿಟಿ-40 ಎಂಬ ಕಲಿಕೆಯ ವಿಮಾನವನ್ನು ಕಟ್ಟಿತು. ಅದು 2016ರ ಮೇ 31ರಂದು ಬೆಂಗಳೂರಿನ ಹಳೆಯ ವಿಮಾನ ನಿಲ್ದಾಣದಿಂದ ಹಾರಿತು. ಅದರಲ್ಲಿ ಚಿಮ್ಮುವ ಆಸನವಿದೆ. 2023ರಲ್ಲಿ ವಾಯುಪಡೆಗಾಗಿ 70 ವಿಮಾನಗಳ ಒಪ್ಪಂದವಾಯಿತು. ಅದೇ ರಸ್ತೆಯಲ್ಲಿ, ಕೋಡಿಹಳ್ಳಿಯ ಬಳಿ, ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯವಿದೆ. 1960ರಲ್ಲಿ ಜಯಮಹಲ್ ರಸ್ತೆಯ ಮೈಸೂರು ಅರಮನೆಯ ಕುದುರೆಲಾಯದಲ್ಲಿ ಕೆಲಸ ಆರಂಭಿಸಿದ ಸಂಸ್ಥೆ ಅದು. ಅಶ್ವಶಕ್ತಿಯನ್ನು ಅಳೆಯುವವರಿಗೆ ಎಂಥ ತಕ್ಕ ಮನೆ! ಅಲ್ಲಿನವರು ಲೋಹವನ್ನೂ ಬಟ್ಟೆಯನ್ನೂ ಬಿಟ್ಟು, ಗಾಜಿನ ನಾರು, ಇಂಗಾಲದ ನಾರುಗಳನ್ನು ಅಂಟಿನಲ್ಲಿ ಬೆಸೆದು ಹಂಸ ಎಂಬ ಎರಡು ಆಸನದ ವಿಮಾನವನ್ನು ಮಾಡಿದರು. ಅದು 2000ದಲ್ಲಿ ಹಾರಾಟದ ಪ್ರಮಾಣಪತ್ರ ಪಡೆದು ಕೆಲವು ಫ್ಲೈಯಿಂಗ್ ಕ್ಲಬ್ಬುಗಳನ್ನು ಸೇರಿತು. ತಿದ್ದಿದ ಹೊಸ ಹಂಸ 2021ರ ಸೆಪ್ಟೆಂಬರಿನಲ್ಲಿ ಹಾರಿತು. ಪುಷ್ಪಕ ಬಿಟ್ಟುಹೋದ ಜಾಗವನ್ನು ತುಂಬಬೇಕೆಂಬುದು ಅದರ ಆಸೆ.

ಎಂಜಿನ್ನುಗಳ ವಿಷಯ ಕೇಳುವಿರಾ? ಎಚ್‌ಟಿಟಿ-40ಕ್ಕೆ ಅಮೆರಿಕದ ಹನಿವೆಲ್, ಹಂಸಕ್ಕೆ ಆಸ್ಟ್ರಿಯದ ರೋಟಾಕ್ಸ್. ಆದರೆ ಒಂದು ವ್ಯತ್ಯಾಸವಿದೆ. 2022ರಲ್ಲಿ ಎಚ್‌ಟಿಟಿ-40ಕ್ಕಾಗಿ ಮಾಡಿಕೊಂಡ 88 ಎಂಜಿನ್ನುಗಳ ಒಪ್ಪಂದದಲ್ಲಿ ಬರೀ ಕೊಳ್ಳುವ ಮಾತಿಲ್ಲ; ಇಲ್ಲಿಯೇ ಜೋಡಿಸಿ ತಯಾರಿಸುವ ಮಾತೂ ಸೇರಿದೆ. ಜೋಡಿಸುವುದರಿಂದ ಕಲ್ಪಿಸುವುದಕ್ಕೆ ದಾರಿ ದೂರ. ಆದರೂ 1941ರಲ್ಲಿ ಹಾರ್ಲೊ ವಿಮಾನವನ್ನು ಜೋಡಿಸಿದ ಕಾರ್ಖಾನೆ ಹತ್ತು ವರ್ಷಕ್ಕೆ ಎಚ್‌ಟಿ-2ನ್ನು ಕಲ್ಪಿಸಿತೆಂಬುದನ್ನು ಮರೆಯಬಾರದು. ಮೈಯ ವಿಷಯದಲ್ಲಿ ನಡೆದದ್ದು ಹೃದಯದ ವಿಷಯದಲ್ಲಿ ನಡೆಯದೆಂದು ಹೇಳಲು ಕಾರಣವಿಲ್ಲ. ಅದಕ್ಕೆ ಬೇಕಾದದ್ದು ಬಿಡದೆ ನಡೆಯುವ ಬೇಡಿಕೆ. ಎಪ್ಪತ್ತು ಕೊಂಡು ಕೈತೊಳೆದುಕೊಂಡರೆ ಮತ್ತೊಂದು ಬಸಂತ್ ಆಗುತ್ತದೆ. ಎಪ್ಪತ್ತರ ಹಿಂದೆ ಇನ್ನೆಪ್ಪತ್ತು, ಕಲಿಕೆಯ ಹಿಂದೆ ಕೃಷಿ, ಕೃಷಿಯ ಹಿಂದೆ ರೋಗಿಯನ್ನು ಸಾಗಿಸುವ ಕೆಲಸ ಹೀಗೆ ಒಂದರ ಬೆನ್ನಿಗೊಂದು ಬಂದರೆ ಮಾತ್ರ ವಂಶ ಬೆಳೆಯುತ್ತದೆ.

ಬೆಂಗಳೂರಿನ ಹಳೆಯ ವಿಮಾನ ನಿಲ್ದಾಣದ ರಸ್ತೆಯಲ್ಲಿ ಎಚ್‌ಎಎಲ್‌ನವರ ವಸ್ತುಸಂಗ್ರಹಾಲಯವಿದೆ. ಇಂದಿರಾನಗರದಿಂದಲೋ ಹಲಸೂರಿನಿಂದಲೋ ಬಸ್ಸು ಹಿಡಿದರೆ ಹೆಚ್ಚು ದೂರವಲ್ಲ. ಮೊಮ್ಮಕ್ಕಳನ್ನು ಕರೆದುಕೊಂಡು ಹೋದಾಗ ಅವರು ಓಡುವುದು ಯುದ್ಧವಿಮಾನಗಳ ಕಡೆಗೇ, ಓಡಲಿ. ಅವರು ದಣಿದು ಬಂದ ಮೇಲೆ ಪ್ರೊಪೆಲ್ಲರಿನ ಚಿಕ್ಕ ವಿಮಾನಗಳ ಮಾತು ತೆಗೆಯಿರಿ. ಇದರ ರೂಪವನ್ನು ಬರೆದವರು ಯಾರು, ಒಳಗಿನ ಎಂಜಿನ್ನು ಯಾವ ದೇಶದ್ದು, ಇಂಥವನ್ನು ಎಷ್ಟು ಮಂದಿ ಕೊಂಡರು ಎಂಬ ಮೂರು ಪ್ರಶ್ನೆಗಳನ್ನು ಅವರ ಬಾಯಿಂದಲೇ ಕೇಳಿಸಿರಿ. ಮೊದಲನೆಯದಕ್ಕೆ ನೀವು ಹೆಮ್ಮೆಯಿಂದ ಉತ್ತರ ಕೊಡಬಹುದು. ಉಳಿದೆರಡಕ್ಕೆ ಅವರ ಕಾಲದಲ್ಲಾದರೂ ಬೇರೆ ಉತ್ತರ ಬರಬೇಕು.